ಶಾಸನಾನ್ವೇಷಣೆಯಲ್ಲಿ ಸ್ಮಾರ್ಟ್‌ಫೋನಿನ ಉಪಕರಣಗಳು: ಕೆಲವು ಆ್ಯಪ್‌ಗಳ ಕಲ್ಪನೆ

ಇತಿಹಾಸಕಾರನು ಯಾವ ಪ್ರಶ್ನೆಗಳನ್ನು ಕೇಳಬಲ್ಲನೆಂಬುದು ಬಹುಮಟ್ಟಿಗೆ ಅವನ ಕೈಯಲ್ಲಿರುವ ಉಪಕರಣಗಳನ್ನು ಅವಲಂಬಿಸಿರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನಹೊಂದಿದ ತರುವಾಯ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ ಕಾಲಿನ್ ಮೆಕೆಂಜಿಯವರು ನೆಲವನ್ನು ಅಳೆಯಿಸುವುದರೊಡನೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. ಬಿ. ಎಲ್. ರೈಸ್ ಅವರು 1886ರಿಂದ ಮೊದಲ್ಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರಕ್ಕೆ ಸಮೀಪವಾದಷ್ಟು ಶಾಸನಗಳನ್ನು ಬೆಳಕಿಗೆ ತಂದರು. ಮೋಜಣಿದಾರನಿಗೆ ಸರಪಣಿಯೂ ದಿಕ್ಸೂಚಿಯೂ ಇದ್ದವು. ಶಾಸನಶಾಸ್ತ್ರಜ್ಞನಿಗೆ ಪಡಿಯಚ್ಚಿನ ಕಾಗದ, ಕುಂಚ, ಮಸಿಗಳಿದ್ದವು. ಇವುಗಳಲ್ಲಿ ಹಲವುದರ ಕೆಲಸವನ್ನು ಮಾಡಬಲ್ಲ ಒಂದು ಯಂತ್ರವು ಇಂದು ನಮ್ಮ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ. ಅದನ್ನು ಶಾಸನಗಳ ಅಧ್ಯಯನಕ್ಕೆ ಹೇಗೆ ಒಗ್ಗಿಸಿಕೊಳ್ಳಬಹುದೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಯಂತ್ರವನ್ನು ನಿರ್ಮಿಸುವವರು ಬೇರೆ. ಅದರಿಂದ ಆಗಬೇಕಾದ ಕೆಲಸವೇನೆಂದು ಹೇಳಬೇಕಾದವರು ನಾವು. ಅಷ್ಟೇ ನಮ್ಮ ಅಧಿಕಾರ.

ಉಪಕರಣಗಳ ಸ್ವರೂಪ

ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲಿ ಕ್ಯಾಮೆರಾ, ದೀಪ, ಮೈಕ್ ಇವುಗಳಲ್ಲದೆ ಕಣ್ಣಿಗೆ ಕಾಣದ ಹಲವು ಮಾಪಕಗಳಿವೆ. ವೇಗೋತ್ಕರ್ಷಮಾಪಕವು ಫೋನು ನೆಲಕ್ಕೆ ಎಷ್ಟು ಓರೆಯಾಗಿದೆಯೆಂಬುದನ್ನೂ, ಗೈರೋಸ್ಕೋಪು ಅದು ಎಷ್ಟು ತಿರುಗಿತೆಂಬುದನ್ನೂ, ಕಾಂತಮಾಪಕವು ದಿಕ್ಕನ್ನೂ, ಜಿ.ಪಿ.ಎಸ್. ಗ್ರಾಹಕವು ಸ್ಥಳವನ್ನೂ ತಿಳಿಸುತ್ತವೆ. ಕೆಲವು ಫೋನುಗಳಲ್ಲಿ ವಾಯುಭಾರಮಾಪಕವೂ ಉಂಟು. ಇವು ಆಟಕ್ಕೆ ಮಾತ್ರ ಯೋಗ್ಯವೆಂದು ಭಾವಿಸಲಾಗದು. 2016ರಲ್ಲಿ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ‘ಫೈಫಾಕ್ಸ್’ ಎಂಬ ಆ್ಯಪ್ ಇದೇ ಮಾಪಕಗಳಿಂದ ಭೌತಶಾಸ್ತ್ರದ ಪ್ರಯೋಗಗಳನ್ನು ಮಾಡಿಸುತ್ತದೆ. ಅದೇ ವರ್ಷ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದವರು ಹೊರತಂದ ‘ಮೈಶೇಕ್’ ಎಂಬ ಆ್ಯಪ್ ಜನರ ಫೋನುಗಳನ್ನೇ ಭೂಕಂಪಮಾಪಕಗಳನ್ನಾಗಿ ಮಾಡಿತು. ಭೌತಶಾಸ್ತ್ರಕ್ಕೂ ಭೂವಿಜ್ಞಾನಕ್ಕೂ ಒದಗಿದ ಸಾಧನವು ಇತಿಹಾಸಕ್ಕೆ ಏಕೆ ಒದಗಬಾರದು?

ಮೊದಲನೆಯ ಕಲ್ಪನೆ: ಓರೆಬೆಳಕು

ಸವೆದ ಅಕ್ಷರಗಳನ್ನು ನೇರ ಬಿಸಿಲಿನಲ್ಲಿ ಓದಲಾಗದೆಂಬುದು ಕ್ಷೇತ್ರಕಾರ್ಯ ಮಾಡಿದವರೆಲ್ಲರ ಅನುಭವ. ಬೆಳಕು ಒಂದು ಪಾರ್ಶ್ವದಿಂದ ಕಲ್ಲಿನ ಮುಖವನ್ನು ಸವರಿಕೊಂಡು ಬಂದಾಗ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರಗಳು ಎದ್ದು ಕಾಣುತ್ತವೆ. ಆದರೆ ಒಂದು ದಿಕ್ಕಿನ ಬೆಳಕಿಗೆ ತೋರುವ ಗೆರೆಯು ಇನ್ನೊಂದು ದಿಕ್ಕಿನ ಬೆಳಕಿಗೆ ಮರೆಯಾಗುತ್ತದೆ. ಆದುದರಿಂದ ಕ್ಯಾಮೆರಾವನ್ನು ಕದಲಿಸದೆ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತ ಹಲವಾರು ಚಿತ್ರಗಳನ್ನು ತೆಗೆದು, ಅವುಗಳಿಂದ ಬೇಕಾದ ದಿಕ್ಕಿನ ಬೆಳಕನ್ನು ಗಣಿತದಿಂದ ಪುನಃ ಸೃಷ್ಟಿಸುವ ವಿಧಾನವೊಂದನ್ನು ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದರು. ಈ ವಿಧಾನಕ್ಕೆ ಪ್ರತಿಯೊಂದು ಚಿತ್ರದಲ್ಲಿಯೂ ಬೆಳಕು ಯಾವ ಕಡೆಯಿಂದ ಬಂತೆಂಬುದು ತಿಳಿದಿರಬೇಕು. ಅದಕ್ಕಾಗಿ ಕಲ್ಲಿನ ಪಕ್ಕದಲ್ಲಿ ಹೊಳೆಯುವ ಗೋಲವನ್ನಿರಿಸಿ, ಅದರ ಮೇಲಿನ ಮಿನುಗಿನಿಂದ ದಿಕ್ಕನ್ನು ಕಂಡುಹಿಡಿಯುವ ರೂಢಿಯಿದೆ.

ಎರಡು ಫೋನುಗಳಿದ್ದರೆ ಈ ಗೋಲವು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ. ಒಂದು ಫೋನು ಮುಕ್ಕಾಲಿಯ ಮೇಲೆ ನಿಂತು ಚಿತ್ರ ತೆಗೆಯಲಿ, ಇನ್ನೊಂದು ದೀಪವಾಗಲಿ. ಆರಂಭದಲ್ಲಿ ದೀಪದ ಫೋನನ್ನು ಕಲ್ಲಿನ ಮುಖಕ್ಕೆ ಸಮತಲವಾಗಿ ಮೃದುವಾಗಿ ತಾಗಿಸಿ, ಆ ನಿಲುವನ್ನು ಆ್ಯಪ್‌ನಲ್ಲಿ ಗುರುತುಮಾಡಿಕೊಳ್ಳತಕ್ಕದ್ದು. ಅಲ್ಲಿಂದ ಮುಂದೆ ದೀಪವನ್ನು ಸದಾ ಕಲ್ಲಿನ ನಡುವಿಗೆ ತಿರುಗಿಸಿ ಹಿಡಿದರೆ, ಗೈರೋಸ್ಕೋಪಿನ ನೆರವಿನಿಂದ ಬೆಳಕಿನ ದಿಕ್ಕು ತಾನಾಗಿ ದಾಖಲಾಗುವುದು. ಇಬ್ಬರು ವಿದ್ಯಾರ್ಥಿಗಳು ಸಂಜೆಯ ಕತ್ತಲಿನಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಈ ಕೆಲಸವನ್ನು ಮುಗಿಸಬಹುದು. ಪಡಿಯಚ್ಚಿನಂತೆ ಕಲ್ಲನ್ನು ನೆನೆಸಿ ಬಡಿಯುವ ಪ್ರಮೇಯವಿಲ್ಲದುದರಿಂದ ಶಿಥಿಲವಾದ ಕಲ್ಲುಗಳಿಗೆ ಇದು ವಿಶೇಷವಾಗಿ ಹಿತಕರ.

2020ರಿಂದ ಕೆಲವು ಬೆಲೆಬಾಳುವ ಫೋನುಗಳಲ್ಲಿ ಲೈಡಾರ್ ಎಂಬ ದೂರಮಾಪಕವು ಬಂದಿದೆ. ಮಂಟಪದ ಅಥವಾ ಕೋಣೆಯ ಆಕಾರವನ್ನು ಅಳೆಯಲು ಅದು ಉತ್ತಮ. ಕೆಲವೇ ಮಿಲಿಮೀಟರ್ ಆಳದ ಅಕ್ಷರಗಳನ್ನು ಹಿಡಿಯುವಷ್ಟು ಸೂಕ್ಷ್ಮವಾದುದಲ್ಲ. ಬೆಲೆ ಹೆಚ್ಚಿದ ಮಾತ್ರಕ್ಕೆ ಉಪಕರಣವು ನಮ್ಮ ಕೆಲಸಕ್ಕೆ ಯೋಗ್ಯವಾಗುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎರಡನೆಯ ಕಲ್ಪನೆ: ಕಲ್ಲಿನ ವಿಳಾಸ

ಹಳೆಯ ಸಂಪುಟಗಳು ಶಾಸನವಿರುವ ಸ್ಥಳವನ್ನು ಇಂಥ ಗ್ರಾಮದ ಪೂರ್ವಕ್ಕೆ, ಇಂಥವರ ಹೊಲದಲ್ಲಿ, ಇಂಥ ದೇವಾಲಯದ ಬಳಿ ಎಂಬ ರೀತಿಯಲ್ಲಿ ಸೂಚಿಸುತ್ತವೆ. ಆ ಕಾಲಕ್ಕೆ ಅದು ಸಾಕಾಗಿತ್ತು. ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ಇಂಥದೊಂದು ಶಾಸನವನ್ನು ಹುಡುಕಿಕೊಂಡು ಹೋದೆವು. ಹೊಲದ ಒಡೆಯರ ವಂಶಸ್ಥರು ಊರು ಬಿಟ್ಟು ಬಹುಕಾಲವಾಗಿತ್ತು, ಹೊಲವು ನಿವೇಶನಗಳಾಗಿತ್ತು, ಊರೇ ಪೂರ್ವಕ್ಕೆ ಬೆಳೆದು ಆ ಹೊಲವನ್ನು ನುಂಗಿಹಾಕಿತ್ತು. ಎರಡು ದಿನ ಅಲೆದ ಮೇಲೆ, ಬಟ್ಟೆ ಒಗೆಯುತ್ತಿದ್ದ ವೃದ್ಧೆಯೊಬ್ಬರು “ಅಕ್ಷರದ ಕಲ್ಲೇ? ಇದೇ ನೋಡಿ” ಎಂದು ತಮ್ಮ ಕಾಲಬಳಿಯ ಚಪ್ಪಡಿಯನ್ನು ತೋರಿಸಿದರು. ಮುದ್ರಿತ ಪಾಠದ ಹದಿನಾಲ್ಕು ಪಂಕ್ತಿಗಳಲ್ಲಿ ಆರು ಮಾತ್ರ ಉಳಿದಿದ್ದವು. ಆ ಆರು ಪಂಕ್ತಿಗಳನ್ನು ನಮಗೆ ಉಳಿಸಿಕೊಟ್ಟುದು ಸಂಪುಟವಲ್ಲ, ಆ ತಾಯಿಯ ನೆನಪು.

ಆದುದರಿಂದ ನಮ್ಮ ಎರಡನೆಯ ಆ್ಯಪ್ ಯಂತ್ರದ ಅಳತೆಯನ್ನೂ ಮನುಷ್ಯನ ನೆನಪನ್ನೂ ಒಂದೇ ದಾಖಲೆಯಲ್ಲಿ ಕೂಡಿಸಬೇಕು. ಜಿ.ಪಿ.ಎಸ್. ತೆರೆದ ಬಯಲಿನಲ್ಲಿ ಸುಮಾರು 5 ಮೀಟರ್‌ಗಳೊಳಗೆ ಸ್ಥಳವನ್ನು ಗುರುತಿಸುತ್ತದೆ. ಮರಗಳ ಕೆಳಗೂ ಎತ್ತರವಾದ ಗೋಡೆಗಳ ನಡುವೆಯೂ ತಪ್ಪು ಹೆಚ್ಚುತ್ತದೆ. ಫೋನನ್ನು ಕಲ್ಲಿನ ಮುಖಕ್ಕೆ ತಾಗಿಸಿದರೆ ಅದು ಯಾವ ದಿಕ್ಕಿಗೆ ಮುಖಮಾಡಿದೆ, ಎಷ್ಟು ವಾಲಿದೆ ಎಂಬುದೂ ದೊರೆಯುವುದು. ಸಮುದ್ರಮಟ್ಟದ ಸಮೀಪದಲ್ಲಿ ಸುಮಾರು 8 ಮೀಟರ್ ಏರಿದರೆ ವಾಯುಭಾರವು 1 ಹೆಕ್ಟೋಪಾಸ್ಕಲ್‌ನಷ್ಟು ಇಳಿಯುವುದರಿಂದ, ಕೆರೆಯ ಏರಿಗೂ ಶಾಸನಕ್ಕೂ ಇರುವ ಎತ್ತರದ ಅಂತರವನ್ನು ಸ್ಥೂಲವಾಗಿ ಎಣಿಸಬಹುದು. ಇವೆಲ್ಲದರ ಜೊತೆಗೆ, ಆ ಹೊಲಕ್ಕೆ, ಹಳ್ಳಕ್ಕೆ, ದಿಣ್ಣೆಗೆ ಊರವರು ಹೇಳುವ ಹೆಸರನ್ನು ಅವರ ಬಾಯಿಂದಲೇ, ಅವರ ಒಪ್ಪಿಗೆ ಪಡೆದು, ಮೈಕ್ ದಾಖಲಿಸಬೇಕು. ಶಾಸನದ ಎಲ್ಲೆಕಟ್ಟುಗಳಲ್ಲಿ ಬರುವ ಸ್ಥಳನಾಮವನ್ನು ಗುರುತಿಸಲು ಇಂಥ ಹೆಸರುಗಳು ಎಷ್ಟು ಉಪಕಾರಿಗಳೆಂಬುದನ್ನು ಬಲ್ಲವರೇ ಬಲ್ಲರು.

ದಿಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಡೂರು, ಕುದುರೆಮುಖ ಮುಂತಾದ ಕಬ್ಬಿಣದ ಅದಿರಿನ ಪ್ರದೇಶಗಳಲ್ಲಿಯೂ, ಕಬ್ಬಿಣದ ಬಾಗಿಲು ಬೇಲಿಗಳ ಬಳಿಯಲ್ಲಿಯೂ ಕಾಂತಮಾಪಕವು ದಾರಿತಪ್ಪಬಹುದು. ನಮ್ಮ ನಾಡಿನಲ್ಲಿ ಭೂಕಾಂತಕ್ಷೇತ್ರದ ಬಲವು ಸುಮಾರು 40 ಮೈಕ್ರೋಟೆಸ್ಲಾ. ಅಳತೆಯು ಇದರಿಂದ ಬಹಳ ದೂರ ಸರಿದರೆ ಆ್ಯಪ್ ಎಚ್ಚರಿಸಿ, ನೆಟ್ಟ ಕೋಲಿನ ನೆರಳನ್ನು ನೋಡೆಂದು ಹೇಳಬೇಕು. ಸ್ಥಳವೂ ಹೊತ್ತೂ ತಿಳಿದಿದ್ದರೆ ಸೂರ್ಯನ ದಿಕ್ಕನ್ನು ಲೆಕ್ಕಹಾಕುವುದು ಫೋನಿಗೆ ಕಷ್ಟವಲ್ಲ. ಹೊಸ ಯಂತ್ರವು ಹಳೆಯ ಶಂಕುಯಂತ್ರಕ್ಕೆ ಶರಣಾಗುವ ಈ ಸಂದರ್ಭವು ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದ ಪಾಠವೂ ಆಗುವುದು.

ಮೂರನೆಯ ಕಲ್ಪನೆ: ಧ್ವನಿಯ ಅಳತೆ

ವಿಜಾಪುರದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ನಮ್ಮ ವಿದ್ಯಾರ್ಥಿಗಳು ಕೂಗಾಟಕ್ಕಾಗಿಯೇ ಏರುತ್ತಾರೆ. ಚಪ್ಪಾಳೆಯ ಸದ್ದು ಎದುರು ಗೋಡೆಗೆ ತಾಗಿ ಹಿಂತಿರುಗುವ ಕಾಲವನ್ನು ಮೈಕ್‌ನಿಂದ ಅಳೆಯುವ ಆ್ಯಪ್ ಇದ್ದರೆ ಆ ಕೂಗಾಟವೇ ಪಾಠವಾದೀತು. ಗುಮ್ಮಟದ ಒಳವ್ಯಾಸವು ಸುಮಾರು 38 ಮೀಟರ್. ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 345 ಮೀಟರ್ ಎಂದಿಟ್ಟುಕೊಂಡರೆ ಪ್ರತಿಧ್ವನಿಯು ಸುಮಾರು 0.22 ಸೆಕೆಂಡಿನಲ್ಲಿ ಮರಳಬೇಕು. ಒಂದೇ ಚಪ್ಪಾಳೆ ಸಾಕು. ಉಳಿದ ಸಂದರ್ಶಕರಿಗೂ ನೆಮ್ಮದಿ.

ಎರಡು ಅಪಾಯಗಳು

ಮೊದಲನೆಯದು ಚಿತ್ರದ ಪ್ರಾಮಾಣ್ಯಕ್ಕೆ ಸಂಬಂಧಿಸಿದುದು. ಇಂದಿನ ಫೋನುಗಳು ತೆಗೆದ ಚಿತ್ರವನ್ನು ಹಾಗೆಯೇ ಉಳಿಸುವುದಿಲ್ಲ. ಅಂಚುಗಳನ್ನು ಹರಿತಗೊಳಿಸುತ್ತವೆ, ಕಲೆಗಳನ್ನು ನಯಗೊಳಿಸುತ್ತವೆ, ಕೆಲವೊಮ್ಮೆ ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಮುಖಚಿತ್ರಕ್ಕೆ ಇದು ಅಲಂಕಾರ, ಶಾಸನಕ್ಕೆ ಕೂಟಸಾಕ್ಷ್ಯ. ಒಂದು ಗೆರೆ ಮುಚ್ಚಿದರೆ ಪಕಾರವು ವಕಾರವಾಗುವ ಲಿಪಿ ನಮ್ಮದು. ಆದುದರಿಂದ ಸಂಸ್ಕರಣಕ್ಕೊಳಗಾಗದ ಮೂಲಚಿತ್ರವನ್ನು ಉಳಿಸದ ಯಾವ ಆ್ಯಪ್ ಕೂಡ ಸಂಶೋಧನೆಗೆ ಅರ್ಹವಲ್ಲ.

ಎರಡನೆಯದು ಇನ್ನೂ ಗಂಭೀರ. ನಿಧಿಯಾಸೆಯಿಂದ ವೀರಗಲ್ಲುಗಳನ್ನೂ ಪಾಳುಗುಡಿಗಳನ್ನೂ ಅಗೆಯುವವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ನಿರ್ಜನ ಪ್ರದೇಶದ ಕಲ್ಲಿನ ನಿಖರವಾದ ಸ್ಥಾನವನ್ನು ಎಲ್ಲರಿಗೂ ಸಾರುವುದೆಂದರೆ ಅವರಿಗೆ ದಾರಿ ತೋರಿಸಿದಂತೆ. ಗ್ರಾಮದ ಹೆಸರು ಮಾತ್ರ ಪ್ರಕಟವಾಗಿ, ನಿಖರವಾದ ಅಂಕಿಗಳು ವಿಭಾಗದ ದಫ್ತರದಲ್ಲಿ ಭದ್ರವಾಗಿರುವ ವ್ಯವಸ್ಥೆಯನ್ನು ಆ್ಯಪ್‌ನ ರಚನೆಯಲ್ಲಿಯೇ ಅಳವಡಿಸತಕ್ಕದ್ದು.

ಉಪಸಂಹಾರ

ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಲ್ಲಿ ಆರಂಭಿಸಿದ ಯೋಜನೆಯ ಮೂಲಕ ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಮಾರ್ಗದರ್ಶಕರಾಗಿದ್ದಾರೆ. ಅಂಥ ಸ್ಕ್ಯಾನರುಗಳು ಎಲ್ಲ ಕಾಲೇಜುಗಳಿಗೂ ಎಟುಕಲಾರವು, ಫೋನುಗಳು ಎಟುಕಿವೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ವರ್ಷಾಂತ್ಯದ ಪ್ರಾಯೋಗಿಕ ಕಾರ್ಯಕ್ಕೆ ವಿಷಯವನ್ನು ಹುಡುಕುತ್ತಿರುವಾಗ ಇತಿಹಾಸದ ವಿದ್ಯಾರ್ಥಿಗಳೊಡನೆ ಒಂದು ದಿನ ಹಳ್ಳಿಗೆ ಹೋಗಿಬರಲೆಂದು ನಮ್ಮ ವಿಜ್ಞಾಪನೆ. ರಸ್ತೆಗಳು ಅಗಲವಾಗುತ್ತಿವೆ, ನಿವೇಶನಗಳು ಹೆಚ್ಚುತ್ತಿವೆ, “ಇದೇ ನೋಡಿ” ಎಂದು ತೋರಿಸಬಲ್ಲ ಹಿರಿಯರು ಕಡಮೆಯಾಗುತ್ತಿದ್ದಾರೆ. ಆ್ಯಪ್‌ನ ಲೋಪಗಳನ್ನು ಮುಂದಿನ ವರ್ಷ ತಿದ್ದಬಹುದು. ಒಡೆದುಹೋದ ಎಂಟು ಪಂಕ್ತಿಗಳನ್ನು ಕಲ್ಲಿನಲ್ಲಿ ಮತ್ತೆ ಕಾಣಲಾಗದು.