ಆಂಪ್ಲಿಫೈಯರ್‌ಗೆ ಬಾಯಾರಿಕೆ ಎಷ್ಟು?

1972ರಲ್ಲಿ ಲಂಡನ್ನಿನ ರಸ್ತೆ ಬದಿಯ ಕಸದ ತೊಟ್ಟಿಯೊಂದರಿಂದ ವೈರುಗಳು ಹೊರಗೆ ಜೋತುಬಿದ್ದಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಜಾನ್ ಡೀಕನ್ ಅವನ್ನು ಎಳೆದು ನೋಡಿದರೆ ಹಳೆಯ ರೇಡಿಯೊ ಒಂದರ ಸರ್ಕಿಟ್ ಬೋರ್ಡು. ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವರು. ಆಗಿನ್ನೂ ಹೆಸರು ಮಾಡದಿದ್ದ ‘ಕ್ವೀನ್’ ತಂಡದ ಬೇಸ್ ಗಿಟಾರ್ ವಾದಕ. ಬೋರ್ಡನ್ನು ಮನೆಗೆ ತಂದು, ಪುಸ್ತಕದ ಕಪಾಟಿನಲ್ಲಿಡುವಂಥ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, 9 ವೋಲ್ಟ್ ಬ್ಯಾಟರಿಗೆ ಜೋಡಿಸಿ ಪುಟ್ಟ ಆಂಪ್ಲಿಫೈಯರ್ ಮಾಡಿಕೊಂಡರು. ದನಿ ಏರಿಸಿ ಇಳಿಸುವ ಗುಂಡಿ ಕೂಡ ಅದಕ್ಕಿರಲಿಲ್ಲ.

ಅದೇ ತಂಡದ ಬ್ರಯನ್ ಮೇ ಬಳಿ ಅದಕ್ಕೆ ತಕ್ಕ ಗಿಟಾರ್ ಇತ್ತು. 1963ರಲ್ಲಿ ಹದಿಹರೆಯದ ಹುಡುಗನಾಗಿದ್ದಾಗ ಮೇ ತಂದೆಯ ಜೊತೆ ಕೂತು ಅದನ್ನು ಮನೆಯಲ್ಲೇ ಮಾಡತೊಡಗಿದ್ದರು. ಕತ್ತಿನ ಭಾಗ ಹಳೆಯ ಅಗ್ಗಿಷ್ಟಿಕೆಯ ಮೇಲ್ಹಲಗೆಯದು, ಒಳಗಿನ ಸ್ಪ್ರಿಂಗುಗಳು ಮೋಟಾರ್ ಸೈಕಲ್ಲಿನವು, ಸ್ವರಸ್ಥಾನ ಗುರುತಿಸುವ ಚುಕ್ಕೆಗಳು ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ಮನೆಯಲ್ಲೇ ಮಾಡಿದ ಈ ಎರಡು ಸಾಧನಗಳು ಸೇರಿ 1975ರ ‘ಗುಡ್ ಕಂಪನಿ’ ಹಾಡಿನಲ್ಲಿ ಇಡೀ ಜಾಝ್ ವಾದ್ಯವೃಂದವನ್ನೇ ಅನುಕರಿಸಿದವು. ಕೇಳಿದವರಿಗೆ ಕ್ಲಾರಿನೆಟ್, ಟ್ರೊಂಬೋನ್ ಎನಿಸಿದ್ದೆಲ್ಲ ಗಿಟಾರ್.

ಇತ್ತ ನಮ್ಮ ಕಡೆ, ಆದೋನಿ, ಆಲೂರು, ಮಂತ್ರಾಲಯದ ಸೀಮೆಗೂ ಕೈಯಾರೆ ಮಾಡಿದ ತಂತಿವಾದ್ಯ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಈ ಸೀಮೆಯಲ್ಲಿ ಕನ್ನಡದ ತತ್ವಪದ, ದಾಸರ ಪದಗಳ ಬೆನ್ನಿಗೆ ಏಕತಾರಿ ಇತ್ತು: ಒಂದು ಬುರುಡೆ, ಒಂದು ಬಿದಿರು, ಒಂದು ತಂತಿ. ಈಗ ಅಲ್ಲಿನ ಹುಡುಗನೊಬ್ಬ ಯೂಟ್ಯೂಬ್ ನೋಡಿ, ಹಳೆಯ ಮರದ ಪೆಟ್ಟಿಗೆಗೆ ಪಟ್ಟಿ ಬಡಿದು, ಆರು ತಂತಿ ಬಿಗಿದು ಗಿಟಾರ್ ಮಾಡಿಕೊಂಡನೆನ್ನೋಣ. ಅಭ್ಯಾಸಕ್ಕೆ ಬ್ಯಾಟರಿಯ ಪುಟ್ಟ ಆಂಪ್ಲಿಫೈಯರ್ ಬೇಕು. ಅಂಗಡಿಯಲ್ಲಿ ಅವನ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂದೇ ಇರುತ್ತದೆ.

ವ್ಯಾಟ್ ಲೆಕ್ಕದಲ್ಲಿ ಬೊಗಳೆ ಬಹಳ. ಟೇಪ್‌ರೆಕಾರ್ಡರ್ ಕಾಲದ ಪೆಟ್ಟಿಗೆಗಳ ಮೇಲೆ ಬರೆದಿರುತ್ತಿದ್ದ ‘ಪಿಎಂಪಿಒ’ ವ್ಯಾಟ್ ಸಾವಿರಗಳನ್ನು ನೆನಪಿಟ್ಟವರಿಗೆ ಅದನ್ನು ಹೇಳಬೇಕಿಲ್ಲ. ಬ್ಯಾಟರಿಯ ವೋಲ್ಟೇಜೇ ಇಲ್ಲಿ ಸತ್ಯ ನುಡಿಯುತ್ತದೆ. 9 ವೋಲ್ಟ್‌ನ ಸಾದಾ ಸರ್ಕಿಟ್ 8 ಓಮ್ ಸ್ಪೀಕರ್‌ಗೆ ಕೊಡಬಲ್ಲ ಶುದ್ಧ ದನಿ, ಒಂದಿಷ್ಟೂ ನಷ್ಟವಿಲ್ಲದಿದ್ದರೂ, 1.27 ವ್ಯಾಟ್ ದಾಟದು. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವ ಎಲ್‌ಎಂ386 ಎಂಬ ಎಂಟು ಕಾಲಿನ ಚಿಪ್ ಕೊಡುವುದು ಅರ್ಧ, ಮುಕ್ಕಾಲು ವ್ಯಾಟ್. ಹಾಗೆಂದು ಮೂಗು ಮುರಿಯಬೇಕಾಗಿಲ್ಲ. ಕಿವಿಗೆ ದನಿ ಇಮ್ಮಡಿಯಾಯಿತು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಏರಬೇಕು. ಅಂದರೆ ಅರ್ಧ ವ್ಯಾಟ್‌ಗೂ ಐದು ವ್ಯಾಟ್‌ಗೂ ಇರುವ ಅಂತರ ಕೇವಲ ‘ಎರಡು ಪಟ್ಟು ಜೋರು’. ಮನೆಯ ಕೋಣೆಗೆ ಅರ್ಧ ವ್ಯಾಟ್ ಸಾಕು.

ಕೇಳಬೇಕಾದ ಪ್ರಶ್ನೆ ಬೇರೆಯದು: ಗಿಟಾರಿನ ವೈರು ಸಿಕ್ಕಿಸುವ ಬಾಯಲ್ಲಿ ಆಂಪ್ಲಿಫೈಯರ್ ಎಷ್ಟು ಕರೆಂಟು ಹೀರುತ್ತದೆ?

ಮನೆಯಲ್ಲಿ ಮಾಡಿದ ಗಿಟಾರಿಗೆ ಬಹುತೇಕರು ಅಂಟಿಸುವುದು ಪೀಜೋ ಬಿಲ್ಲೆ. ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ, ಅಲಾರಂ ಗಡಿಯಾರದಲ್ಲಿ ಇರುವ ಅದೇ ಹಿತ್ತಾಳೆಯ ತೆಳು ತಟ್ಟೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಪ್ಯಾರಿಸ್ಸಿನಲ್ಲಿ ಝಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ತೋರಿಸಿದ್ದರು. ತಂತಿ ನಡುಗಿದಾಗ ಮರ ನಡುಗುತ್ತದೆ, ಮರದೊಡನೆ ಬಿಲ್ಲೆ ಬಾಗುತ್ತದೆ, ಬಾಗಿದಾಗ ಅದರಲ್ಲಿ ವಿದ್ಯುದಂಶ ಒಸರುತ್ತದೆ. ಒಸರುವುದು ಎಷ್ಟು ಅಲ್ಪವೆಂದರೆ ಆದೋನಿ ಸೀಮೆಯ ಬೇಸಿಗೆಯ ಬಾವಿಯ ಒರತೆಯಷ್ಟು.

ಅಂಥ ಬಾವಿಗೆ ಐದು ಹೆಚ್‌ಪಿ ಮೋಟಾರು ಇಳಿಸಿದರೇನಾಗುತ್ತದೆ? ಒಸರಿದ ನೀರು ಒಸರಿದಂತೆಯೇ ಖಾಲಿ. ಮಟ್ಟ ಏರುವುದೇ ಇಲ್ಲ. ಆಂಪ್ಲಿಫೈಯರ್ ಅಳೆಯುವುದು ಆ ಮಟ್ಟವನ್ನೇ. ಒಮ್ಮೆಲೇ ನುಗ್ಗಿ ಬಂದ ನೀರಾದರೆ ಮೋಟಾರು ಎಳೆದು ಮುಗಿಸುವ ಮೊದಲೇ ಮಟ್ಟ ಕ್ಷಣ ಹೊತ್ತು ಮೇಲೇರಿ ಕಾಣಿಸುತ್ತದೆ. ನಿಧಾನಕ್ಕೆ ಒಸರಿದ್ದು ಕಾಣಿಸದೆ ಹೋಗುತ್ತದೆ. ತಾರಸ್ವರಗಳು ನುಗ್ಗಿ ಬರುವ ನೀರು, ಮಂದ್ರಸ್ವರಗಳು ನಿಧಾನದ ಒರತೆ. ಆದ್ದರಿಂದಲೇ ಬಾಯಾರಿದ ಆಂಪ್ಲಿಫೈಯರ್‌ಗೆ ಪೀಜೋ ಸಿಕ್ಕಿಸಿದರೆ ಮಂದ್ರವೆಲ್ಲ ಸೋರಿಹೋಗಿ, ಕಿರುಗುಟ್ಟುವ ದನಿ ಮಾತ್ರ ಉಳಿಯುತ್ತದೆ. ಹುಡುಗ ತನ್ನ ಮರವನ್ನು ಬೈಯುತ್ತಾನೆ, ತಪ್ಪು ಮೋಟಾರಿನದು.

ಈ ಬಾಯಾರಿಕೆಯನ್ನು ಓಮ್‌ಗಳಲ್ಲಿ ಅಳೆಯಬಹುದು. ಸಂಖ್ಯೆ ದೊಡ್ಡದಾದಷ್ಟೂ ಹೀರುವುದು ಕಡಿಮೆ. ಸಾಮಾನ್ಯ ಬಿಲ್ಲೆಯೊಂದರ ಧಾರಣಶಕ್ತಿ 20 ನ್ಯಾನೊಫ್ಯಾರಡ್ ಎಂದುಕೊಂಡರೆ, ಬ್ಲೂಟೂತ್ ಸ್ಪೀಕರಿನ ಆಕ್ಸ್ ತೂತಿನಂಥ 10 ಸಾವಿರ ಓಮ್‌ಗೆ ಸಿಕ್ಕಿಸಿದಾಗ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ. ಗಿಟಾರಿನ ಅತಿ ತೆಳು ತಂತಿಯೇ ಬಿಡಿಯಾಗಿ ನುಡಿಯುವುದು 330 ಹರ್ಟ್ಸ್‌ನಲ್ಲಿ! ಎಲ್‌ಎಂ386ರ ಬಾಯಿ 50 ಸಾವಿರ ಓಮ್. ಅಲ್ಲಿ ಗಡಿ 160ಕ್ಕೆ ಇಳಿಯುತ್ತದೆ. ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರ್‌ಗಳ ಬಾಯಿ ಸಾಮಾನ್ಯವಾಗಿ 10 ಲಕ್ಷ ಓಮ್. ಆಗ ಗಡಿ 8 ಹರ್ಟ್ಸ್. ಮನುಷ್ಯನ ಕಿವಿಗೆ ಅದು ಕೇಳುವುದೇ ಇಲ್ಲ. ಬಿಲ್ಲೆಯ ಬದಲು ಆಯಸ್ಕಾಂತದ ಪಿಕಪ್ ಹಾಕಿದವರಿಗೆ ನಷ್ಟ ತಿರುಗುಮುರುಗು. ಬಾಯಾರಿದ ಆಂಪ್ಲಿಫೈಯರ್ ಅವರ ತಾರಸ್ವರಗಳನ್ನು ಮಂಕಾಗಿಸುತ್ತದೆ.

ಇನ್ನು ಸ್ಪೀಕರ್. ಮೂರು ಇಂಚಿನ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ನುಡಿಯದು. ಗಿಟಾರಿನ ಆರು ಬಿಡಿ ತಂತಿಗಳಲ್ಲಿ ನಾಲ್ಕರ ಮೂಲಸ್ವರಗಳು ಅದಕ್ಕಿಂತ ಕೆಳಗಿವೆ: 82, 110, 147, 196. ಆದರೂ ಸ್ವರ ಸರಿಯಾಗಿಯೇ ಕೇಳುತ್ತದೆ. ಮೂಲಸ್ವರ ಕಳೆದುಹೋದರೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಬಂದರೆ ಸಾಕು, ಮಿದುಳು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲಿ ಇದನ್ನು ಸೈರನ್ ಊದಿ ತೋರಿಸಿದಾಗ ಜಾರ್ಜ್ ಓಮ್ ಒಪ್ಪಲಿಲ್ಲ. ಓಮ್‌ಗಳ ಲೆಕ್ಕಕ್ಕೆ ಹೆಸರು ಕೊಟ್ಟ ಅದೇ ಓಮ್. ಆದರೆ ಹಳೆಯ ದೂರವಾಣಿ ಸೀಬೆಕ್ ಪರವಾಗಿಯೇ ಸಾಕ್ಷಿ ನುಡಿಯಿತು. 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕಳಿಸದ ತಂತಿಯಲ್ಲೂ ಗಂಡಸಿನ ದನಿ ಗಂಡಸಿನದಾಗಿಯೇ ಕೇಳುತ್ತಿತ್ತು.

ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜನಾರಾಯಣ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಪುಟ್ಟ ಸ್ಪೀಕರಿನಿಂದಲೇ ಗಾಯಕರಿಗೆ ಷಡ್ಜ ಒದಗಿಸಿದ್ದರ ಹಿಂದೆಯೂ ಈ ಉಪಸ್ವರಗಳ ಪಾಲಿದೆ. ತಂಬೂರಿ ಅವುಗಳ ಗಣಿ. ಒಂದು ಉಪಸ್ವರ ಹುಟ್ಟಲೇಬಾರದೆಂದು ಯುರೋಪಿನ ನಿಯಮ ಹೇಳುವ ಜಾಗದಲ್ಲಿ ಮೀಟಿದರೂ ತಂಬೂರಿಯಲ್ಲಿ ಅದು ಕೇಳುತ್ತದೆಂದು, ಅದಕ್ಕೆ ತಂತಿಗಳನ್ನು ಹೊರುವ ‘ಕುದುರೆ’ಯ ಅಗಲ ಬೆನ್ನೂ ಜೀವಾಳದ ದಾರವೂ ಕಾರಣವೆಂದು ಸಿ.ವಿ. ರಾಮನ್ 1921ರಲ್ಲಿ ಬರೆದರು.

ಬ್ಯಾಟರಿಯ ಮಾತು ಚಿಕ್ಕದು. ಚೌಕದ 9 ವೋಲ್ಟ್ ಬ್ಯಾಟರಿಯೊಳಗೆ ಇರುವುದು ಆರು ಪುಟಾಣಿ ಸೆಲ್ಲುಗಳು. ಆಲ್ಕಲೈನ್ ಆದರೂ ಸುಮಾರು 500 ಮಿಲಿಆಂಪ್-ಗಂಟೆ. ಆರು ಎಎ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಅದೇ 9 ವೋಲ್ಟ್, ಆಯುಸ್ಸು ನಾಲ್ಕು ಪಟ್ಟು. ಎಲ್‌ಎಂ386 ಸುಮ್ಮನಿದ್ದಾಗ ಕುಡಿಯುವುದು 4 ಮಿಲಿಆಂಪ್; ಪೂರ್ತಿ ದನಿಯಲ್ಲಿ ಅದು ನೂರು ಮೀರುತ್ತದೆ.

ಹೀಗಾಗಿ ಕೊಳ್ಳುವವರು ಗಿಟಾರಿಗೆಂದೇ ಮಾಡಿದ್ದನ್ನು ಕೊಳ್ಳುವುದು ಲೇಸು. ಮಾರ್ಷಲ್ ಎಂಎಸ್-2 ಸೊಂಟಕ್ಕೆ ಸಿಕ್ಕಿಸುವಷ್ಟು ಸಣ್ಣದು, 9 ವೋಲ್ಟ್, 1 ವ್ಯಾಟ್. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್ ಆರು ಎಎ ಸೆಲ್ಲಿನದು; ಐದು ಇಂಚಿನ ಸ್ಪೀಕರ್ ಇರುವುದರಿಂದ ಮಂದ್ರಕ್ಕೆ ಮೇಲು. ಬ್ಲೂಟೂತ್ ಮೂಲಕ ದನಿ ಕಳಿಸುವ ಯೋಚನೆ ಬೇಡ; ಮೀಟಿದ ಮೇಲೆ ಸ್ವರ ತಡವಾಗಿ ಬರುತ್ತದೆ, ತಾಳ ಕೈಬಿಡುತ್ತದೆ. ಬೆಸುಗೆ ಬಲ್ಲವರು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಎಲ್‌ಎಂ386 ತಂದು, ಅದರ ಮುಂದೆ 10 ಲಕ್ಷ ಓಮ್ ಬಾಯಿಯ ಒಂದು ಎಫ್‌ಇಟಿ ಟ್ರಾನ್ಸಿಸ್ಟರ್ ಇಟ್ಟರೆ ಬಾಯಾರಿಕೆ ತಗ್ಗುತ್ತದೆ. ಡೀಕನ್ ಪೆಟ್ಟಿಗೆಯ ಮುಂದೆ ಬ್ರಯನ್ ಮೇ ಕೂಡ ಒಂದು ಬೂಸ್ಟರ್ ಇಟ್ಟೇ ನುಡಿಸುತ್ತಿದ್ದರು. ಅಂಗಡಿಗೆ ಸ್ವಂತ ಗಿಟಾರನ್ನೇ ಒಯ್ದು, ದಪ್ಪ ತಂತಿಯನ್ನು ಮೊದಲು ಮೀಟಿ ಕೇಳಿ, ಆಮೇಲೆ ಪೆಟ್ಟಿಗೆಯ ಹಿಂದೆ ಬರೆದ ವ್ಯಾಟ್ ಓದಬಹುದು.