ತಾಲೀಮಿಗೊಂದು ಜೋಡಿ ಯಂತ್ರ

ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆಯೆಂದರೆ ಮಹಾನಗರಗಳ ಹಣವಂತರ ಆಟವೆಂಬ ಭಾವನೆ ನಮ್ಮ ಅನೇಕ ಕುಟುಂಬಗಳಲ್ಲಿದೆ. ನೀತಿ ಆಯೋಗವು 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಆರಂಭಿಸಿ, ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ಒದಗಿಸಿತು. ಚಿಂಚೋಳಿ ತಾಲ್ಲೂಕಿನ ಐನಾಪುರದಂತಹ ಊರಿನ ಮಗುವೂ ಇಂತಹ ಸ್ಪರ್ಧೆಯ ಕನಸು ಕಾಣಬಹುದಾದ ಕಾಲವಿದು. ಆದರೆ ಯಂತ್ರವನ್ನು ಕಟ್ಟಿದ ಮಾತ್ರಕ್ಕೆ ಸ್ಪರ್ಧೆಗೆ ಸಿದ್ಧರಾದಂತಲ್ಲ. ನಾಟಕಕ್ಕಿರುವಂತೆ ಇದಕ್ಕೂ ತಾಲೀಮು ಬೇಕು.

ಅಮೆರಿಕದ ಡೀನ್ ಕೇಮನ್ ಅವರು 1989ರಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯು 1992ರಿಂದ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಗಳನ್ನು ನಡೆಸುತ್ತಿದೆ. ಅದರ ಪ್ರಧಾನ ಸ್ಪರ್ಧೆಯಲ್ಲಿ ಸುಮಾರು ಆರು ವಾರಗಳೊಳಗೆ ಯಂತ್ರವನ್ನು ಕಟ್ಟಿ ಮುಗಿಸಬೇಕಿತ್ತು. ಬಳಿಕ ಚೀಲದಲ್ಲಿರಿಸಿ ಮೊಹರು ಮಾಡುವ ನಿಯಮವೂ ಬಂದಿತು. ಅನುಕೂಲವಿದ್ದ ತಂಡಗಳು ಅದೇ ಬಗೆಯ ಎರಡನೆಯ ಯಂತ್ರವನ್ನು ಕಟ್ಟಿ ಅಭ್ಯಾಸವನ್ನು ಮುಂದುವರಿಸಿದವು. ಒಂದೇ ಯಂತ್ರವಿದ್ದವರು ಕೈಕಟ್ಟಿ ಕುಳಿತರು. 2020ರ ಋತುವಿನಿಂದ ಆ ನಿಯಮವನ್ನು ಕೈಬಿಡಲಾಯಿತು.

ನಿಯಮ ಹೋದರೂ ಜೋಡಿ ಯಂತ್ರದ ಉಪಯೋಗ ಹೋಗಿಲ್ಲ. ಯಂತ್ರ ಒಂದೇ ಆದರೆ, ಒಬ್ಬನು ಸ್ಕ್ರೂ ಬಿಗಿಯುವಾಗ ಅದನ್ನು ಓಡಿಸಬೇಕಾದ ಹುಡುಗಿ ಕಾಯಬೇಕು. ಎರಡಿದ್ದರೆ ಒಂದರ ದುರಸ್ತಿ ನಡೆಯುತ್ತಿರುವಾಗಲೇ ಮತ್ತೊಂದರಲ್ಲಿ ಅಭ್ಯಾಸ ಸಾಗುತ್ತದೆ. ಕೆಡುವುದು ಅಭ್ಯಾಸದ ಯಂತ್ರದಲ್ಲೇ ಕೆಡುತ್ತದೆ. ಅದು ಸಂಪೂರ್ಣ ನಕಲಾಗಿರಲೇಬೇಕೆಂದಿಲ್ಲ. ಚಕ್ರ, ಮೋಟಾರು, ತೂಕ ಹಾಗೂ ಚಕ್ರಗಳ ನಡುವಣ ಅಂತರ ಒಂದೇ ಆಗಿದ್ದರೆ, ಉಳಿದ ಭಾಗಗಳನ್ನು ಹಲಗೆಯಿಂದಲೂ ಮಾಡಬಹುದು. ನೆಲವೂ ಮುಖ್ಯ. ನಮ್ಮ ಶಹಾಬಾದ್ ಕಲ್ಲಿನ ಮೇಲೆ ಓಡುವ ಚಕ್ರ ಸ್ಪರ್ಧಾಂಗಣದ ಜಮಖಾನದ ಮೇಲೆ ಹಾಗೆಯೇ ಓಡದು. ಒಂದು ಯಂತ್ರದಲ್ಲಿ ಮಾಡಿದ ಬದಲಾವಣೆಯನ್ನು ಇನ್ನೊಂದರಲ್ಲಿಯೂ ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ಇಲ್ಲವಾದರೆ ತಾಲೀಮೇ ದಾರಿ ತಪ್ಪಿಸುತ್ತದೆ.

ಇದು ಮಕ್ಕಳಾಟದ ಉಪಾಯವಲ್ಲ. ಇಸ್ರೋ ವಿಜ್ಞಾನಿಗಳು ಚಂದ್ರಯಾನದ ಪೂರ್ವಸಿದ್ಧತೆಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಚಂದ್ರನ ಕುಳಿಗಳನ್ನು ಹೋಲುವ ಹೊಂಡಗಳನ್ನು ನಿರ್ಮಿಸಿದರು. ಮಂಗಳನ ಮೇಲಿರುವ ಕ್ಯೂರಿಯಾಸಿಟಿ ಯಂತ್ರದ ಕೊರೆಯುವ ಸಾಧನ 2016ರಲ್ಲಿ ಕೆಟ್ಟಾಗ, ಭೂಮಿಯಲ್ಲಿದ್ದ ಅದರ ಜೋಡಿಯ ಮೇಲೆ ಹೊಸ ವಿಧಾನವನ್ನು ಪರೀಕ್ಷಿಸಿ, 2018ರಲ್ಲಿ ಮತ್ತೆ ಕೊರೆಯುವಂತೆ ಮಾಡಲಾಯಿತು.

ಬಡ ಬಾಲಕರ ಕೈಗೆ ಉಪಕರಣ ಕೊಡುವುದು ಧರ್ಮಸಭೆಗೆ ಹೊಸದೇನಲ್ಲ. ಸಂತ ಡಾನ್ ಬೋಸ್ಕೊ 1853ರಲ್ಲಿಯೇ ತುರಿನ್ ನಗರದಲ್ಲಿ ಬಾಲಕರಿಗಾಗಿ ಕಾರ್ಯಶಾಲೆಗಳನ್ನು ತೆರೆದರು. ವಾಡಿ, ಸೇಡಂ, ಶಹಾಬಾದ್‌ಗಳ ಕಾರ್ಖಾನೆಗಳಲ್ಲಿ ದುಡಿದ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳ ಅನುಭವ ನಮ್ಮ ಸೀಮೆಯ ಸಂಪತ್ತು. ಭಾನುವಾರದ ಪೂಜೆಯ ಬಳಿಕ ಧರ್ಮಕೇಂದ್ರದ ಸಭಾಂಗಣದಲ್ಲಿ ಅವರ ಎರಡು ಗಂಟೆಗಳ ನೆರವು ದೊರೆತರೆ, ಹಳೆಯ ಬಿಡಿಭಾಗಗಳಿಂದಲೇ ಎರಡನೆಯ ಯಂತ್ರ ಎದ್ದು ನಿಲ್ಲಬಹುದು.

ಇನ್ನೊಂದು ಮಾತನ್ನು ಪೋಷಕರು ಮರೆಯಬಾರದು. 'ಫಸ್ಟ್' ಸ್ಪರ್ಧೆಗಳಲ್ಲಿ ಎದುರಾಳಿ ತಂಡಕ್ಕೂ ಬಿಡಿಭಾಗ ಕೊಟ್ಟು ನೆರವಾಗುವ ಸತ್ಸಂಪ್ರದಾಯವಿದೆ. ಎರಡು ಅಂಗಿಯುಳ್ಳವನು ಇಲ್ಲದವನೊಡನೆ ಹಂಚಿಕೊಳ್ಳಲಿ ಎಂಬ ಸ್ನಾನಿಕ ಯೊವಾನ್ನರ ಬೋಧೆ ನಮಗೆ ಗೊತ್ತಿದೆ. ಎರಡು ಯಂತ್ರಗಳಿರುವ ಶಾಲೆ, ನೆರೆಯ ಹಳ್ಳಿಯ ಮಕ್ಕಳನ್ನೂ ವಾರಕ್ಕೊಂದು ದಿನ ತಾಲೀಮಿಗೆ ಕರೆಯಲಿ. ಬಹುಮಾನ ಒಂದೇ ತಂಡಕ್ಕೆ ಬಂದರೂ ವಿದ್ಯೆ ಎರಡೂ ಊರುಗಳಲ್ಲಿ ಉಳಿದೀತು.