ಸಹಾಯಧನ ಸಿಗುವುದು ಬ್ಯಾಂಕಿನ ದಾರಿಯಲ್ಲೇ

"ಸರ್ಕಾರ ಅರ್ಧ ರೊಕ್ಕ ಪುಕ್ಕಟೆ ಕೊಡತೈತಂತಲ್ರೀ, ಖರೇನ?" ಎಂದು ನಮ್ಮ ಓಣಿಯ ರೊಟ್ಟಿ ಮಾಡುವ ಅಕ್ಕ ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೌದೆಂದರೆ ನಾಳೆಯೇ ಕೈಗೆ ಹಣ ಬರುತ್ತದೆ ಎಂದುಕೊಂಡಾರು. ಇಲ್ಲವೆಂದರೆ ಅದೂ ಸುಳ್ಳು. ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ದಿನಕ್ಕೆ ಮುನ್ನೂರು ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕುವವರು ಅವರು. ಒಂದು ಯಂತ್ರ ಬೇಕಾಗಿತ್ತು, ಅಷ್ಟೇ.

ನಮ್ಮಲ್ಲಿ ಸಣ್ಣ ಉದ್ಯಮಕ್ಕೆ ಸಿಗುವ ಸಹಾಯಧನದ ಬಹುಪಾಲು ಸಾಲಕ್ಕೆ ಗಂಟು ಹಾಕಿಕೊಂಡೇ ಬರುತ್ತದೆ. ಬ್ಯಾಂಕು ಸಾಲ ಮಂಜೂರು ಮಾಡಿದರೆ ಸಹಾಯಧನ, ಮಾಡದಿದ್ದರೆ ಇಲ್ಲ. ಅರ್ಜಿ ಇಲಾಖೆಗೆ ಹೋದರೂ ತೀರ್ಮಾನ ಆಗುವುದು ಬ್ಯಾಂಕ್ ಮ್ಯಾನೇಜರರ ಮೇಜಿನ ಮೇಲೆ. ಇದು ಗೊತ್ತಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಯಾವ ಯೋಜನೆ ಎಂದು ಗೊತ್ತು ಮಾಡಿಕೊಳ್ಳಬೇಕು. ಹೊಸದಾಗಿ ಶುರು ಮಾಡುವವರಿಗೆ 2008ರಿಂದ ಇರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ, ಅಂದರೆ ಪಿಎಂಇಜಿಪಿ ಇದೆ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚ ಇದರ ಮಿತಿ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಹಾಯಧನ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು ಮೊದಲಾದವರಿಗೆ ಶೇ. 25 ಮತ್ತು ಶೇ. 35. ಈಗಾಗಲೇ ನಡೆಯುತ್ತಿರುವ ಘಟಕ ಇದಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಅಕ್ಕನಿಗೆ ಈ ಬಾಗಿಲು ಮುಚ್ಚಿತ್ತು. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯೂ ಇದೆ. ಅದರ ಸಾಲ 3 ಲಕ್ಷಕ್ಕೇ ನಿಲ್ಲುತ್ತದೆ.

ಅವರಿಗೆ ಒಪ್ಪಿದ್ದು ತಿನ್ನುವ ಪದಾರ್ಥ ತಯಾರಿಸುವವರಿಗೆಂದೇ 2020ರ ಜೂನ್‌ನಲ್ಲಿ ಶುರುವಾಗಿ, ಮುಂದೆ 2025-26ರವರೆಗೆ ವಿಸ್ತರಣೆಯಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಔಪಚಾರಿಕೀಕರಣ ಯೋಜನೆ, ಅಂದರೆ ಪಿಎಂಎಫ್‌ಎಂಇ. ಹಳೆಯ ಘಟಕವನ್ನು ದೊಡ್ಡದು ಮಾಡುವವರೂ ಇದರಲ್ಲಿ ಅರ್ಜಿ ಹಾಕಬಹುದು. ಸಹಾಯಧನ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಇನ್ನೂ ಶೇ. 15 ಸೇರಿಸಿದ್ದರಿಂದ ಒಟ್ಟು ಶೇ. 50, ಗರಿಷ್ಠ 15 ಲಕ್ಷ. "ಅರ್ಧ ರೊಕ್ಕ" ಎಂಬ ಸುದ್ದಿ ಹುಟ್ಟಿದ್ದು ಇಲ್ಲಿಂದ. ರಾಜ್ಯದಲ್ಲಿ ಇದರ ಹೊಣೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಅಂದರೆ ಕೆಪೆಕ್‌ನದು. ಇಂಥ ಯೋಜನೆಗಳಿಗೆ ಕೊನೆಯ ದಿನ ಇರುತ್ತದೆ, ಕೆಲವೊಮ್ಮೆ ಅದು ಮುಂದಕ್ಕೂ ಹೋಗುತ್ತದೆ. ನೀವು ಅರ್ಜಿ ಹಾಕುವ ದಿನ ಯೋಜನೆ ಚಾಲ್ತಿಯಲ್ಲಿದೆಯೇ ಎಂದು ಜಿಲ್ಲಾ ಕೃಷಿ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಬೇರೆ ಯೋಜನೆಗಳ ಮಾಹಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ.

ಈಗ ಲೆಕ್ಕಕ್ಕೆ ಬರೋಣ. ಯಂತ್ರದ ಅಂಗಡಿಯವನು ಅಕ್ಕನಿಗೆ 8 ಲಕ್ಷದ ಕೊಟೇಶನ್ ಕೊಟ್ಟಿದ್ದ: ರೊಟ್ಟಿ ಯಂತ್ರ, ಹಿಟ್ಟು ನಾದುವುದು, ಒಣಗಿಸುವುದು, ಪ್ಯಾಕಿಂಗ್. ಸ್ವಂತ ಪಾಲು ಕನಿಷ್ಠ ಶೇ. 10, ಅಂದರೆ 80,000. ಉಳಿದ 7.2 ಲಕ್ಷ ಪೂರ್ತಿ ಸಾಲ. ಸಹಾಯಧನದ 4 ಲಕ್ಷ ಎಲ್ಲಿ ಹೋಯಿತು? ಅದು ಸರ್ಕಾರದಿಂದ ಬ್ಯಾಂಕಿಗೆ ಬಂದು, ನಿಮ್ಮ ಹೆಸರಿನ ಮಿರರ್ ಖಾತೆಯಲ್ಲಿ ಮೂರು ವರ್ಷ ಕೂತಿರುತ್ತದೆ. ಮುಟ್ಟುವಂತಿಲ್ಲ. ಕಂತು ತಪ್ಪದೆ, ಘಟಕ ನಡೆಯುತ್ತಿದ್ದರೆ ಮೂರು ವರ್ಷದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ.

ಆ ಮೂರು ವರ್ಷ ದಾಟುವುದೇ ಕಷ್ಟ. ಶೇ. 11ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಂಡರೆ 7.2 ಲಕ್ಷಕ್ಕೆ ತಿಂಗಳ ಕಂತು ಸುಮಾರು 15,650 ರೂಪಾಯಿ. ಒಂದು ರೊಟ್ಟಿಗೆ ಖರ್ಚು ಕಳೆದು ಎರಡು ರೂಪಾಯಿ ಉಳಿಯುತ್ತದೆ ಎಂದು ಅಕ್ಕ ಹೇಳಿದ್ದರು. ತಿಂಗಳಿಗೆ 26 ದಿನದ ಕೆಲಸ ಹಿಡಿದರೆ ದಿನಕ್ಕೆ ಮುನ್ನೂರು ರೊಟ್ಟಿ ಬ್ಯಾಂಕಿಗೇ ಬಡಿಯಬೇಕು. ಅಂದರೆ ಆಗ ಮಾರುತ್ತಿದ್ದಷ್ಟೂ!

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರ ಪ್ಯಾಕಿಂಗ್ ಮಿಷಿನ್ ಬ್ಯಾಡ ತಗೀರಿ, ಕೈಲೇ ಮಾಡತೀವಿ. ಒಣಗಸೂದಕ್ಕೂ ಮಾಳಗಿ ಐತಿ" ಎಂದರು. ಪಟ್ಟಿ 5 ಲಕ್ಷಕ್ಕೆ ಇಳಿಯಿತು. ಕಂತು 9,800ರ ಆಸುಪಾಸು, ರೊಟ್ಟಿ ದಿನಕ್ಕೆ ನೂರಾ ತೊಂಬತ್ತು. ಸಹಾಯಧನ ಒಂದೂವರೆ ಲಕ್ಷ ಕಡಿಮೆಯಾಯಿತು ನಿಜ, ರಾತ್ರಿ ನಿದ್ದೆ ಬರುವಂಥ ಲೆಕ್ಕ ಅದು. ಸಹಾಯಧನ ಜಾಸ್ತಿ ಸಿಗಲಿ ಎಂದು ಯೋಜನೆ ಉಬ್ಬಿಸುವುದು ನಾನು ಕಂಡ ಅತಿ ದೊಡ್ಡ ತಪ್ಪು. ಕಂತು ಬಾಕಿಯಾಗಿ 90 ದಿನ ದಾಟಿದರೆ ಖಾತೆ ಸುಸ್ತಿಯಾಗುತ್ತದೆ. ಆಗ ಆ ಸಹಾಯಧನವನ್ನು ಬ್ಯಾಂಕು ತನ್ನ ಬಾಕಿಗೆ ಹಿಡಿದುಕೊಳ್ಳುತ್ತದೆ.

ಕಾಗದಪತ್ರಗಳಲ್ಲಿ ಆಧಾರ್, ಪಾನ್, ಪಾಸ್‌ಬುಕ್ಕು ಹೇಗೂ ಇರುತ್ತವೆ. ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ಯಾರಿಗೂ ಹಣ ಕೊಡಬೇಡಿ. ಜಾಗ ಬಾಡಿಗೆಯದಾದರೆ ಕರಾರು ಪತ್ರ ಬೇಕು. ಜಾಗದ ಬೆಲೆ, ಬಾಡಿಗೆ ಇವನ್ನು ಯೋಜನಾ ವೆಚ್ಚಕ್ಕೆ ಸೇರಿಸಲು ಬರುವುದಿಲ್ಲ. ಕಟ್ಟಡದ ಕೆಲಸವೂ ಶೇ. 30ರೊಳಗೇ ಇರಬೇಕು. ಮರೆಯುವುದು ಕರೆಂಟನ್ನು: ಯಂತ್ರಕ್ಕೆ ತ್ರೀ ಫೇಸ್ ಬೇಕಾದರೆ ಹೊಸ ಮೀಟರಿನ ಖರ್ಚು, ಅದು ಬರುವ ತಿಂಗಳು ಎರಡನ್ನೂ ಮೊದಲೇ ವಿಚಾರಿಸಿ. ಸಾಲ ಮಂಜೂರಾಗುವ ಮೊದಲೇ ಯಂತ್ರ ಕೊಂಡು ತಂದು, ಆಮೇಲೆ ಬಿಲ್ಲು ತೋರಿಸುತ್ತೇನೆ ಎಂದರೆ ನಡೆಯದು.

ಪ್ರಾಜೆಕ್ಟ್ ರಿಪೋರ್ಟ್ ಬರೆಸಲು ಒಬ್ಬ ಮಧ್ಯವರ್ತಿ ಅಕ್ಕನಿಗೆ ನೂರಕ್ಕೆ ಹತ್ತರಂತೆ ಕೇಳಿದ್ದ. ಈ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ರಿಪೋರ್ಟ್ ಬರೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಬ್ಯಾಂಕಿಗೆ ಜೊತೆಯಲ್ಲಿ ಬರುವುದು ಅವರ ಕೆಲಸ. ಅವರಿಗೆ ಸಂಭಾವನೆ ಯೋಜನೆಯಿಂದಲೇ ಸಿಗುತ್ತದೆ. ನೀವು ಕೊಡಬೇಕಾದದ್ದು ಒಂದು ಕಪ್ ಚಹಾ.

ಬ್ಯಾಂಕಿನಲ್ಲಿ ಮ್ಯಾನೇಜರ್ ರಿಪೋರ್ಟನ್ನು ಹಾಗೇ ತಿರುವಿ ಹಾಕಿ, "ಸಬ್ಸಿಡಿ ಸಲುವಾಗಿ ಬಂದೀರೋ, ರೊಟ್ಟಿ ಮಾಡಾಕ ಬಂದೀರೋ?" ಎಂದರು. ಅಕ್ಕ ಚೀಲದಿಂದ ಎಣ್ಣೆ ಕಲೆಯ ಒಂದು ನೋಟ್‌ಬುಕ್ ತೆಗೆದರು. ಎರಡು ವರ್ಷದ ಲೆಕ್ಕ: ಯಾವ ಖಾನಾವಳಿಗೆ ಎಷ್ಟು ರೊಟ್ಟಿ, ಯಾರ ಬಾಕಿ ಎಷ್ಟು, ಯುಗಾದಿ ವಾರದಲ್ಲಿ ಎಷ್ಟು. ಮ್ಯಾನೇಜರು ಆ ಪುಟಗಳನ್ನು ರಿಪೋರ್ಟಿಗಿಂತ ನಿಧಾನವಾಗಿ ಓದಿದರು. ಫೋನ್‌ಪೇಯಲ್ಲಿ ಬಂದ ಹಣ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಕಂಡದ್ದೂ ಕೈಹಿಡಿಯಿತು. ಅಂದಹಾಗೆ, ಇಂಥ ಸಣ್ಣ ಸಾಲಕ್ಕೆ ಮನೆ, ಹೊಲ ಅಡವಿಡಿ ಎಂದು ಬ್ಯಾಂಕು ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದನ್ನು ಮೆಲ್ಲಗೆ ನೆನಪಿಸಬಹುದು.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಹಳೆಯ ಸಂಘದ ಸಾಲವೊಂದಕ್ಕೆ ಜಾಮೀನು ನಿಂತು ಸಿಬಿಲ್ ಕೆಟ್ಟದ್ದು ಎಷ್ಟೋ ಜನರಿಗೆ ಆಗಲೇ ಗೊತ್ತಾಗುವುದು.

ಇನ್ನೊಂದು ಮಾತು. ಮೂರು ವರ್ಷದಲ್ಲಿ ಮ್ಯಾನೇಜರು ವರ್ಗವಾಗಿರುತ್ತಾರೆ, ಮಿರರ್ ಖಾತೆಯ ನೆನಪು ಹೊಸಬರಿಗೆ ಇರಬೇಕೆಂದಿಲ್ಲ. ಅವಧಿ ತುಂಬಿದ ವಾರವೇ ಶಾಖೆಗೆ ಅರ್ಜಿ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸಾಲದ ಕೊನೆಯ ಕಂತು ಬಿಡುಗಡೆಯಾದ ದಿನದಿಂದ ಮೂರು ವರ್ಷ ಎಣಿಸಬೇಕು. ಅಕ್ಕ ಆ ತಾರೀಖನ್ನು ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ, ಖಾನಾವಳಿಗಳ ಬಾಕಿಗಿಂತ ಮೇಲೆ.